ಅಗೆದ ನೆಲಕ್ಕೆ ಹಸುರು ಹೊದಿಕೆ

ಮಳೆಗಾಲದಲ್ಲಿ ಗಣಿಗಳಿರುವ ಬೆಟ್ಟದ ಸೀಮೆಯಲ್ಲಿ ಪಯಣ ಮಾಡಿದವರು ಒಂದು ನೋಟವನ್ನು ಕಂಡಿರಬಹುದು. ಬಿರುಸಾದ ಮಳೆಯೊಂದು ಬಂದು ನಿಂತ ಸ್ವಲ್ಪ ಹೊತ್ತಿನಲ್ಲಿಯೇ ಗಣಿಯ ರಾಶಿಗಳ ನಡುವಿನಿಂದ ಇಳಿಯುವ ಹಳ್ಳ ಕುಂಕುಮವನ್ನು ಕದಡಿದಂತೆ ಕೆಂಪಾಗಿ ಹರಿಯತೊಡಗುತ್ತದೆ. ಪಕ್ಕದಲ್ಲಿಯೇ ಹುಲ್ಲು ಪೊದೆಗಳಿಂದ ಮುಚ್ಚಿದ ಇಳುಕಲಿನಿಂದ ಬರುವ ತೊರೆಯಾದರೋ ಅಷ್ಟು ಕದಡಿರುವುದಿಲ್ಲ. ಎರಡು ಕಡೆಗಳಲ್ಲಿಯೂ ಸುರಿದದ್ದು ಒಂದೇ ಮೋಡದ ನೀರು, ಬೆಟ್ಟವೂ ಒಂದೇ. ಹಾಗಿದ್ದರೂ ಒಂದು ಕಡೆ ನೀರು ಬರಿಯ ನೀರಾಗಿ ಇಳಿದರೆ, ಇನ್ನೊಂದು ಕಡೆ ಬೆಟ್ಟವನ್ನೇ ಹೊತ್ತುಕೊಂಡು ಇಳಿಯುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ನೆಲದ ಮೇಲೆ ಒಂದು ಗೇಣಿನಷ್ಟು ಎತ್ತರಕ್ಕೆ ಬೆಳೆದಿರುವ ಹೊದಿಕೆ.

ಬಳ್ಳಾರಿ ಜಿಲ್ಲೆಯ ಸಂಡೂರು ಬೆಟ್ಟಗಳ ಕಬ್ಬಿಣದ ಅದಿರಿನ ಕಥೆ ನಮ್ಮ ವಾಚಕರಿಗೆ ಅಪರಿಚಿತವಲ್ಲ. ಅಲ್ಲಿ ಅಳತೆ ಮೀರಿ ನಡೆದ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯವು ೨೦೧೧ನೆಯ ಇಸವಿಯ ಜುಲೈ ತಿಂಗಳಿನಲ್ಲಿ ನಿಲ್ಲಿಸಿತು. ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಳಿಗೂ ಮುಂದಿನ ತಿಂಗಳಿನಲ್ಲಿ ಅದೇ ಆಜ್ಞೆಯಾಯಿತು. ೨೦೧೩ರ ಏಪ್ರಿಲ್ ತಿಂಗಳಿನಲ್ಲಿ ಕೊಟ್ಟ ತೀರ್ಪಿನಲ್ಲಿ, ಹೆಚ್ಚಿನ ಅಕ್ರಮ ನಡೆಸಿದ ಗಣಿಗಳ ಗುತ್ತಿಗೆಗಳು ರದ್ದಾದುವು; ಉಳಿದವು ನೆಲವನ್ನು ಸರಿಪಡಿಸುವ ಯೋಜನೆಯೊಂದಕ್ಕೆ ಬದ್ಧವಾದರೆ ಮಾತ್ರ ಮತ್ತೆ ಕೆಲಸಮಾಡಬಹುದೆಂದು ನಿಯಮವಾಯಿತು. ನೆಲವನ್ನು ಸರಿಪಡಿಸುವುದೆಂದರೆ ಅದರ ಮುಖ್ಯ ಭಾಗ ಅದನ್ನು ಮತ್ತೆ ಹಸುರಾಗಿಸುವುದು. ಕಾಗದದ ಮೇಲೆ ಇದು ಒಂದು ಸಾಲಿನ ಮಾತು. ಆದರೆ ಯಾವ ಹಸುರು? ಯಾವ ಸಸ್ಯವನ್ನು ಮೊದಲು ಬಿತ್ತಬೇಕು, ಯಾವುದನ್ನು ಆಮೇಲೆ, ಯಾವುದನ್ನು ಎಂದೆಂದಿಗೂ ಬಿತ್ತಬಾರದು? ಈ ಪ್ರಶ್ನೆಗಳಿಗೆ ಸಸ್ಯಶಾಸ್ತ್ರ ಮಾತ್ರವಲ್ಲದೆ ಭೌತಶಾಸ್ತ್ರವೂ ರಸಾಯನಶಾಸ್ತ್ರವೂ ಕೂಡಿ ಉತ್ತರ ಹೇಳಬೇಕಾಗುತ್ತದೆ. ಆ ಉತ್ತರದ ಸ್ಥೂಲರೂಪವನ್ನು ಇಲ್ಲಿ ವಿಚಾರಿಸೋಣ.

ರಾಶಿಯು ಮಣ್ಣಲ್ಲ

ಅದಿರನ್ನು ಮುಟ್ಟುವ ಮೊದಲು ಅದರ ಮೇಲಿರುವ ಮಣ್ಣನ್ನೂ ಕಲ್ಲನ್ನೂ ತೆಗೆದುಹಾಕಬೇಕು. ಇದನ್ನು ಹೊರೆಮಣ್ಣೆಂದು ಕರೆಯೋಣ. ಲಾರಿಗಳು ತಂದು ಸುರಿದ ಈ ಹೊರೆಮಣ್ಣು ಬೆಟ್ಟದ ಪಕ್ಕದಲ್ಲಿ ಇನ್ನೊಂದು ಬೆಟ್ಟವಾಗುತ್ತದೆ. ಅದಿರನ್ನು ಅರೆದು ಲೋಹವನ್ನು ತೆಗೆದುಕೊಂಡಮೇಲೆ ಉಳಿಯುವ ನುಣ್ಣನೆಯ ಪುಡಿ ಮತ್ತೊಂದು ಬಗೆಯ ರಾಶಿ. ಕೋಲಾರದ ಚಿನ್ನದ ಗಣಿಗಳ ಬಳಿ ನಿಂತಿರುವ ಸಯನೈಡು ಗುಡ್ಡಗಳು ಈ ಎರಡನೆಯ ಜಾತಿಯವು. ೧೮೮೦ರಿಂದ ೨೦೦೧ರವರೆಗೆ ನಡೆದ ಕೆಲಸದ ಶೇಷವಾಗಿ ಅಲ್ಲಿ ಸುಮಾರು ಮೂರು ಕೋಟಿ ಟನ್ನಿಗೂ ಮೀರಿದ ಪುಡಿ ಉಳಿದಿದೆ.

ನೋಡುವವರ ಕಣ್ಣಿಗೆ ಇವು ಮಣ್ಣಿನಂತೆಯೇ ಕಾಣುತ್ತವೆ. ಆದರೆ ನಿಜಕ್ಕೂ ಮಣ್ಣಲ್ಲ. ಹೊಲದ ಮಣ್ಣೆಂದರೆ ಕಲ್ಲಿನ ಕಣಗಳು, ಅವುಗಳ ನಡುವೆ ಗಾಳಿ ಮತ್ತು ನೀರು, ಕೊಳೆತ ಎಲೆಬೇರುಗಳ ಅಂಶ, ಎಣಿಕೆಗೆ ಸಿಕ್ಕದಷ್ಟು ಸೂಕ್ಷ್ಮಜೀವಿಗಳು—ಇವೆಲ್ಲ ಕೂಡಿದ ಒಂದು ಕಟ್ಟಡ. ಕಣಗಳನ್ನು ಒಂದಕ್ಕೊಂದು ಅಂಟಿಸಿ ಹರಳುಗಳನ್ನಾಗಿ ಮಾಡುವ ಗಾರೆಯೇ ಆ ಕೊಳೆತ ಅಂಶ. ಗಣಿಯ ರಾಶಿಯಲ್ಲಿ ಇಟ್ಟಿಗೆಗಳುಂಟು, ಗಾರೆಯಿಲ್ಲ, ಕಟ್ಟಡವೂ ಇಲ್ಲ. ಹೊರೆಮಣ್ಣಿನ ರಾಶಿಯ ಒಳಗೆ ದೊಡ್ಡ ದೊಡ್ಡ ಸಂದುಗಳಿದ್ದು ನೀರು ನಿಲ್ಲದೆ ಸೋರಿಹೋಗುತ್ತದೆ. ಭಾರವಾದ ಯಂತ್ರಗಳು ಓಡಾಡಿದ ಅದರ ನೆತ್ತಿಯಾದರೋ ಕಲ್ಲಿನಂತೆ ಗಟ್ಟಿಯಾಗಿ ನೀರನ್ನು ಒಳಕ್ಕೇ ಬಿಡುವುದಿಲ್ಲ. ಒಳ್ಳೆಯ ಹೊಲದ ಮಣ್ಣು ಒಂದು ಘನ ಸೆಂಟಿಮೀಟರಿಗೆ ಸುಮಾರು ೧.೩ ಗ್ರಾಂ ತೂಗುತ್ತದೆ. ಒತ್ತಡದಿಂದ ಈ ಸಾಂದ್ರತೆಯು ೧.೭ರ ಮೇಲಕ್ಕೆ ಹೋದರೆ ಹೆಚ್ಚಿನ ಸಸ್ಯಗಳ ಬೇರುಗಳು ಅದರೊಳಗೆ ಇಳಿಯಲಾರವು. ಆದುದರಿಂದ ಗಿಡದ ಆಯ್ಕೆಗೆ ಮೊದಲು ನೆಲದ ಪರೀಕ್ಷೆ ಆಗಬೇಕು.

ಮಳೆಹನಿಯ ಪೆಟ್ಟು

ಮಣ್ಣಿನ ಸವೆತವೆಂದೊಡನೆ ನಮಗೆ ಹರಿಯುವ ನೀರು ನೆನಪಾಗುತ್ತದೆ. ಆದರೆ ಕಳ್ಳತನದ ಮೊದಲ ಹೆಜ್ಜೆಯನ್ನು ಇಡುವುದು ಬೀಳುವ ಹನಿ. ೫ ಮಿಲಿಮೀಟರ್ ವ್ಯಾಸದ ಒಂದು ದಪ್ಪ ಹನಿ ನೆಲವನ್ನು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು ೯ ಮೀಟರ್. ೧ ಮಿಲಿಮೀಟರಿನ ಸಣ್ಣ ಹನಿಯ ವೇಗ ಸುಮಾರು ೪ ಮೀಟರ್. ವ್ಯಾಸವು ಐದರಷ್ಟಾದರೆ ತೂಕವು ೧೨೫ರಷ್ಟಾಗುತ್ತದೆ. ಚಲನಶಕ್ತಿಯು ತೂಕವನ್ನೂ ವೇಗದ ವರ್ಗವನ್ನೂ ಅವಲಂಬಿಸಿರುವುದರಿಂದ, ದಪ್ಪ ಹನಿಯ ಶಕ್ತಿ ಸಣ್ಣ ಹನಿಯದಕ್ಕಿಂತ ಆರುನೂರು ಪಟ್ಟಿಗೂ ಹೆಚ್ಚು. ಸೋನೆಮಳೆ ನೆಲವನ್ನು ತಣಿಸುವುದೇಕೆ, ಗುಡುಗುಮಳೆ ಅದೇ ನೆಲವನ್ನು ಕೊಚ್ಚುವುದೇಕೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಬಿರುಮಳೆಯಲ್ಲಿ ಬೀಳುವ ಪ್ರತಿ ಮಿಲಿಮೀಟರ್ ನೀರೂ ಒಂದು ಚದರ ಮೀಟರ್ ನೆಲಕ್ಕೆ ಸುಮಾರು ೨೫ ಜೌಲ್ ಶಕ್ತಿಯನ್ನು ಕೊಡುತ್ತದೆ. ಒಂದು ಸಂಜೆ ೫೦ ಮಿಲಿಮೀಟರ್ ಮಳೆಯಾಯಿತೆನ್ನೋಣ. ಆಗ ಒಂದು ಹೆಕ್ಟೇರಿನ ಮೇಲೆ ಬಿದ್ದ ಶಕ್ತಿ ೧ ಕೋಟಿ ೨೫ ಲಕ್ಷ ಜೌಲ್. ಇಷ್ಟು ಶಕ್ತಿಯಿಂದ ೧೨೫ ಟನ್ನಿಗೂ ಹೆಚ್ಚು ಮಣ್ಣನ್ನು ೧೦ ಮೀಟರ್ ಎತ್ತರಕ್ಕೆ ಎತ್ತಬಹುದು! ಇದರ ಬಹುಭಾಗ ನೀರನ್ನು ಚಿಮ್ಮಿಸುವುದರಲ್ಲಿಯೂ ನೆಲವನ್ನು ಬಡಿಯುವುದರಲ್ಲಿಯೂ ವ್ಯರ್ಥವಾಗುವುದು ನಿಜ. ಆದರೆ ಗಾರೆಯಿಲ್ಲದ ರಾಶಿಯ ಕಣಗಳನ್ನು ಬಿಡಿಸಿ ಎಸೆಯಲು ಉಳಿದ ಒಂದು ಸಣ್ಣ ಪಾಲೇ ಸಾಕು. ಹೀಗೆ ಎದ್ದ ನುಣುಪು ಕಣಗಳು ನೆಲದ ರಂಧ್ರಗಳಲ್ಲಿ ಕೂತು ಅವನ್ನು ಮುಚ್ಚುತ್ತವೆ. ಇಂಗಬೇಕಾದ ನೀರು ಮೇಲೆಯೇ ಹರಿಯುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳಬಹುದು: ‘ಹಾಗಾದರೆ ನೇರವಾಗಿ ಮರಗಳನ್ನೇ ನೆಟ್ಟರಾಗದೆ?’ ಕೇವಲ ಮರಗಳಿಂದ ಈ ಕೆಲಸ ಆಗದು. ಮರದ ಎಲೆಗಳ ಮೇಲೆ ಬಿದ್ದ ಸಣ್ಣ ಹನಿಗಳು ಒಂದುಗೂಡಿ ಎಲೆಯ ತುದಿಯಿಂದ ದಪ್ಪ ಹನಿಗಳಾಗಿ ಉದುರುತ್ತವೆ. ಎಂಟು ಹತ್ತು ಮೀಟರ್ ಎತ್ತರದಿಂದ ಉದುರಿದ ಹನಿ ನೆಲ ಮುಟ್ಟುವಷ್ಟರಲ್ಲಿ ತನ್ನ ವೇಗದ ಬಹುಭಾಗವನ್ನು ಮತ್ತೆ ಗಳಿಸಿಕೊಂಡಿರುತ್ತದೆ. ಆದರೆ ೩೦ ಸೆಂಟಿಮೀಟರ್ ಎತ್ತರದ ಹುಲ್ಲಿನ ತುದಿಯಿಂದ ಜಾರಿದ ಹನಿಯ ವೇಗ ಸೆಕೆಂಡಿಗೆ ೨.೪ ಮೀಟರಿಗೆ ಮೀರಲಾರದು. ಅದರ ಶಕ್ತಿ ಅದೇ ಗಾತ್ರದ, ತಡೆಯಿಲ್ಲದೆ ಬಿದ್ದ ಹನಿಯ ಹದಿನಾಲ್ಕನೆಯ ಒಂದು ಭಾಗ ಮಾತ್ರ. ಆದುದರಿಂದ ನೆಲವನ್ನು ಕಾಯುವ ಮೊದಲ ಕಾವಲುಗಾರನು ನೆಲಕ್ಕೆ ಹತ್ತಿರದಲ್ಲಿಯೇ ಇರಬೇಕು. ಮರಗಳಿಗೆ ಕೆಲಸವಿದೆ, ಆದರೆ ಅವುಗಳ ಸರದಿ ಆಮೇಲೆ.

ಇಳುಕಲು ಮತ್ತು ಹರಿವು

ಕಣದಲ್ಲಿ ರಾಗಿಯನ್ನು ಮೇಲಿನಿಂದ ಸುರಿದಾಗ ರಾಶಿಯ ಪಕ್ಕವು ಒಂದು ನಿಶ್ಚಿತವಾದ ಕೋನದಲ್ಲಿ ನಿಲ್ಲುತ್ತದೆ. ಇನ್ನೂ ಸುರಿದರೆ ರಾಶಿ ಅಗಲವಾಗುವುದೇ ಹೊರತು ಕಡಿದಾಗುವುದಿಲ್ಲ. ಇದಕ್ಕೆ ವಿಶ್ರಾಂತಿ ಕೋನವೆಂದು ಹೆಸರು. ಕಣಗಳನ್ನು ಕೆಳಕ್ಕೆಳೆಯುವ ಗುರುತ್ವವೂ ಅವುಗಳನ್ನು ತಡೆಯುವ ಘರ್ಷಣೆಯೂ ಇಲ್ಲಿ ಸರಿಸಮವಾಗಿರುತ್ತವೆ. ಲಾರಿಯಿಂದ ಸುರಿದ ಹೊರೆಮಣ್ಣು ಸಾಮಾನ್ಯವಾಗಿ ೩೫ ಡಿಗ್ರಿಗಳ ಆಸುಪಾಸಿನಲ್ಲಿ ನಿಲ್ಲುತ್ತದೆ. ನಿಂತಿದೆಯೆಂದು ನಮಗೆ ತೋರಿದರೂ ಅದು ಜಾರುವ ಅಂಚಿನಲ್ಲಿಯೇ ನಿಂತಿದೆ. ಮಳೆಯ ನೀರು ಒಳಹೊಕ್ಕು ಕಣಗಳನ್ನು ಒಂದರಿಂದೊಂದು ಎತ್ತಿಹಿಡಿದರೆ ಘರ್ಷಣೆ ಕುಗ್ಗುತ್ತದೆ, ರಾಶಿ ಜರಿಯುತ್ತದೆ. ಆದಕಾರಣ ಬೀಜ ಬಿತ್ತುವ ಮೊದಲು ಇಳುಕಲನ್ನು ತಗ್ಗಿಸಿ, ಉದ್ದವಾದ ಜಾರನ್ನು ಮೆಟ್ಟಿಲುಗಳಾಗಿ ಒಡೆಯುವುದು ಅವಶ್ಯಕ.

ಮೆಟ್ಟಿಲುಗಳೇಕೆ? ಹರಿಯುವ ನೀರಿನ ಒಂದು ಹಳೆಯ ನಿಯಮವನ್ನು ಇಲ್ಲಿ ಸ್ಮರಿಸಬೇಕು. ನೀರಿನ ವೇಗ ಎರಡರಷ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಎರಡರಷ್ಟಲ್ಲ, ನಾಲ್ಕರಷ್ಟೂ ಅಲ್ಲ, ೬೪ರಷ್ಟಾಗುತ್ತದೆ. ಈ ನಿಯಮವನ್ನು ನಮ್ಮ ಪರವಾಗಿಯೂ ಓದಬಹುದು. ನೀರಿನ ವೇಗವನ್ನು ಅರ್ಧಕ್ಕಿಳಿಸಿದರೆ ಅದರ ಉರುಳಿಸುವ ಸಾಮರ್ಥ್ಯ ೬೪ನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇಳುಕಲಿಗೆ ಅಡ್ಡಲಾಗಿ, ಸಮಪಾತಳಿಯಲ್ಲಿ ಒತ್ತಾಗಿ ನೆಟ್ಟ ಹುಲ್ಲಿನ ಸಾಲು ಮಾಡುವ ಕೆಲಸ ಇದೇ. ಅದು ನೀರನ್ನು ಕಟ್ಟೆಯಂತೆ ತಡೆಯುವುದಿಲ್ಲ, ಜರಡಿಯಂತೆ ನಿಧಾನಗೊಳಿಸುತ್ತದೆ. ನಿಧಾನವಾದ ನೀರು ಹೊತ್ತ ಮಣ್ಣನ್ನು ಸಾಲಿನ ಹಿಂದೆ ಇಳಿಸಿ ಮುಂದಕ್ಕೆ ಹೋಗುತ್ತದೆ. ವರ್ಷಗಳು ಕಳೆದಂತೆ ಆ ಮಣ್ಣೇ ಒಂದು ಮೆಟ್ಟಿಲಾಗುತ್ತದೆ.

ಈ ಕೆಲಸಕ್ಕೆ ನಮ್ಮ ಲಾವಂಚಕ್ಕೆ ಸಮನಾದ ಹುಲ್ಲು ಅಪರೂಪ. ಗುಂಡ್ಲುಪೇಟೆಯ ಕಡೆಯ ರೈತರು ಅದನ್ನು ಹೊಲಗಳ ಬದುಗಳಲ್ಲಿ ತಲೆತಲಾಂತರದಿಂದ ಬೆಳೆಸಿಕೊಂಡು ಬಂದಿದ್ದಾರೆ. ಅದರ ಬೇರುಗಳು ಬದಿಗೆ ಹರಡದೆ ನೇರವಾಗಿ ಕೆಳಗಿಳಿಯುತ್ತವೆ. ಅನುಕೂಲವಾದ ನೆಲದಲ್ಲಿ ಮೂರು ಮೀಟರಿಗೂ ಆಳ ಹೋಗುತ್ತವೆ. ಆ ಬೇರಿನ ಎಳೆತದ ಬಲವನ್ನು ಅಳೆದವರು ಅದು ಸಾಮಾನ್ಯ ಉಕ್ಕಿನ ಬಲದ ಸುಮಾರು ಆರನೆಯ ಒಂದು ಭಾಗವೆಂದು ಕಂಡಿದ್ದಾರೆ. ಕಾಂಕ್ರೀಟಿನಲ್ಲಿ ಕಬ್ಬಿಣದ ಸರಳು ಹೇಗೋ ಸಡಿಲಮಣ್ಣಿನಲ್ಲಿ ಈ ಬೇರು ಹಾಗೆ. ಬೀಜದಿಂದ ಅಲ್ಲದೆ ಬುಡದ ಸೀಳುಗಳಿಂದ ಬೆಳೆಸುವ ತಳಿಗಳನ್ನು ಆರಿಸಿಕೊಂಡರೆ ಅದು ನೆಟ್ಟ ಜಾಗವನ್ನು ಬಿಟ್ಟು ಕಳೆಯಾಗಿ ಹಬ್ಬುವ ಭಯವೂ ಇಲ್ಲ.

ಬಿಸಿಲು ಮತ್ತು ಗಾಳಿ

ಬಯಲುಸೀಮೆಯ ಬೇಸಗೆಯಲ್ಲಿ ಬೋಳಾದ ಕಪ್ಪುಗೆಂಪು ರಾಶಿಯ ಹೊರಮೈ ನಡುಹಗಲಿನಲ್ಲಿ ೬೦ ಡಿಗ್ರಿ ಸೆಂಟಿಗ್ರೇಡನ್ನೂ ದಾಟಬಲ್ಲುದು. ಆಗತಾನೆ ಮೊಳೆತ ಸಸಿಯ ಎಳೆಯ ಕಾಂಡ ನೆಲವನ್ನು ಮುಟ್ಟುವ ಜಾಗದಲ್ಲಿಯೇ ಬೆಂದುಹೋಗುತ್ತದೆ. ಸಸ್ಯದ ಹೊದಿಕೆಯಾದರೋ ಎರಡು ರೀತಿಯಲ್ಲಿ ನೆಲವನ್ನು ತಂಪಾಗಿಡುತ್ತದೆ. ಒಂದು, ಬಿಸಿಲನ್ನು ತಾನೇ ತಡೆಯುತ್ತದೆ. ಇನ್ನೊಂದು, ಎಲೆಗಳಿಂದ ನೀರನ್ನು ಆವಿಯಾಗಿಸುತ್ತದೆ. ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು ೨೪ ಲಕ್ಷ ಜೌಲ್ ಉಷ್ಣ ಬೇಕು. ಅದೇ ನೀರನ್ನು ೧೦ ಡಿಗ್ರಿಗಳಷ್ಟು ಬಿಸಿಮಾಡಲು ೪೨ ಸಾವಿರ ಜೌಲ್ ಸಾಕು. ಎಲೆಯ ತಂಪಿನ ಗುಟ್ಟು ಈ ವ್ಯತ್ಯಾಸದಲ್ಲಿದೆ.

ಗಾಳಿಯ ವಿಷಯದಲ್ಲಿ ಕೋಲಾರದ ಗುಡ್ಡಗಳು ಒಳ್ಳೆಯ ಪಾಠ. ಮರಳಿನ ಗಾತ್ರದ ಕಣಗಳು ಗಾಳಿಯಲ್ಲಿ ಕುಪ್ಪಳಿಸುತ್ತ ಸಾಗುತ್ತವೆ. ಪ್ರತಿಯೊಂದು ಕುಪ್ಪಳಿಕೆಯಲ್ಲಿಯೂ ನೆಲಕ್ಕೆ ಬಡಿದು ಇನ್ನೂ ನುಣುಪಾದ ಪುಡಿಯನ್ನು ಎಬ್ಬಿಸುತ್ತವೆ. ಈ ಪುಡಿ ಹಗುರವಾದುದರಿಂದ ಗಾಳಿಯಲ್ಲಿಯೇ ತೇಲಿ ಊರಿನ ಮನೆಗಳೊಳಕ್ಕೂ, ಉಸಿರಿನ ಮೂಲಕ ಜನರ ಶ್ವಾಸಕೋಶಗಳೊಳಕ್ಕೂ ಹೋಗುತ್ತದೆ. ಒರಟಾದ ಮೇಲ್ಮೈಯ ಬಳಿ ಗಾಳಿಯ ವೇಗ ಬಹಳವಾಗಿ ತಗ್ಗುತ್ತದೆ. ಹುಲ್ಲಿನ ಬುಡಗಳು ನೆಲವನ್ನು ಒರಟಾಗಿ ಮಾಡಿದರೆ, ಮೇಲೆ ಬಿರುಗಾಳಿ ಬೀಸುತ್ತಿದ್ದರೂ ನೆಲದ ಮಟ್ಟದಲ್ಲಿ ಕಣವನ್ನು ಎಬ್ಬಿಸುವಷ್ಟು ವೇಗ ಉಳಿದಿರುವುದಿಲ್ಲ. ಇಂತಹ ಕಡೆ ಎತ್ತರವಾಗಿ ಬೆಳೆಯುವ ಒಂಟಿ ಗಿಡಕ್ಕಿಂತ ತಗ್ಗಾಗಿ ಒತ್ತಾಗಿ ಹಬ್ಬುವ ಗಿಡವೇ ಮೇಲು.

ಉಣಿಸಿನ ಲೆಕ್ಕ

ನೆಲ ನಿಂತಿತು, ತಂಪಾಯಿತು. ಇನ್ನು ಗಿಡಕ್ಕೆ ಉಣಿಸು ಬೇಕಷ್ಟೆ. ಕಲ್ಲಿನ ಪುಡಿಯಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂಗಳಂತಹ ಧಾತುಗಳು ಎಷ್ಟೋ ಇರಬಹುದು, ಇಲ್ಲದಿರುವುದು ಸಾರಜನಕ. ಏಕೆಂದರೆ ಅದು ಕಲ್ಲಿನಿಂದ ಬರುವ ವಸ್ತುವಲ್ಲ. ಗಾಳಿಯಿಂದ ಜೀವಿಗಳ ಮೂಲಕ ಬಂದು ಮಣ್ಣಿನಲ್ಲಿ ಶತಮಾನಗಳಿಂದ ಕೂಡಿದ್ದು. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾನಿಲಯದ ಆಂಟನಿ ಬ್ರಾಡ್‌ಷಾ ಎಂಬ ಸಸ್ಯವಿಜ್ಞಾನಿಯೂ ಅವರ ಸಂಗಡಿಗರೂ ಗಣಿರಾಶಿಗಳ ಮೇಲೆ ದೀರ್ಘಕಾಲ ಅಧ್ಯಯನ ನಡೆಸಿದರು. ಯಾರ ನೆರವೂ ಇಲ್ಲದೆ ಬಾಳಬಲ್ಲ ಸಸ್ಯಸಮುದಾಯವೊಂದಕ್ಕೆ ಹೆಕ್ಟೇರಿಗೆ ಸುಮಾರು ೧,೦೦೦ ಕಿಲೋಗ್ರಾಂ ಸಾರಜನಕದ ಮೂಲಧನ ಬೇಕೆಂದು ಅವರು ತೋರಿಸಿಕೊಟ್ಟರು.

ಇಷ್ಟನ್ನು ಗೊಬ್ಬರದ ಚೀಲಗಳಿಂದ ಒಂದೇ ಸಲಕ್ಕೆ ಕೊಟ್ಟರೆ ಮಳೆಯು ಅದನ್ನು ತೊಳೆದುಕೊಂಡು ಹೋಗುತ್ತದೆ. ಗೊಬ್ಬರವನ್ನು ಚೆಲ್ಲಿದ ವರ್ಷ ಹಸುರಾಗಿ, ಮೂರನೆಯ ವರ್ಷಕ್ಕೆ ಮತ್ತೆ ಬೋಳಾಗುವ ರಾಶಿಗಳ ರಹಸ್ಯವಿದು. ಮೂಲಧನವನ್ನು ಸ್ವಲ್ಪ ಸ್ವಲ್ಪವಾಗಿ, ಪ್ರತಿವರ್ಷವೂ ಕೂಡಿಸಬೇಕು. ದ್ವಿದಳ ಸಸ್ಯಗಳ ಬೇರುಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಈ ಕೆಲಸವನ್ನು ಕೂಲಿಯಿಲ್ಲದೆ ಮಾಡುತ್ತವೆ. ಚೆನ್ನಾಗಿ ಬೆಳೆದ ದ್ವಿದಳ ಹೊದಿಕೆಯೊಂದು ವರ್ಷಕ್ಕೆ ಹೆಕ್ಟೇರಿಗೆ ೧೦೦ ಕಿಲೋಗ್ರಾಂ ಸಾರಜನಕವನ್ನು ಗಾಳಿಯಿಂದ ಸೆರೆಹಿಡಿಯಿತೆಂದು ಭಾವಿಸಿದರೆ ಮೂಲಧನ ಕೂಡಲು ಹತ್ತು ವರ್ಷ ಬೇಕು. ಗಣಿಯ ಒಡೆಯರಿಗೂ ಅಧಿಕಾರಿಗಳಿಗೂ ಈ ಹತ್ತು ವರ್ಷದ ಲೆಕ್ಕ ರುಚಿಸದಿರಬಹುದು. ಆದರೆ ಅದನ್ನು ಎರಡು ವರ್ಷಕ್ಕೆ ಇಳಿಸುವ ಉಪಾಯ ಪ್ರಕೃತಿಯಲ್ಲಿಲ್ಲ.

ಉಣಿಸಿನ ಪಟ್ಟಿಯಲ್ಲಿ ಎರಡನೆಯದು ರಂಜಕ. ಕಬ್ಬಿಣದ ಆಕ್ಸೈಡು ಹೇರಳವಾಗಿರುವ ಮಣ್ಣು ರಂಜಕವನ್ನು ಬಿಗಿಯಾಗಿ ಹಿಡಿದುಕೊಂಡು ಬೇರಿಗೆ ಬಿಟ್ಟುಕೊಡುವುದಿಲ್ಲ. ಬೇರುಗಳ ಜೊತೆ ಕೂಡಿ ಬಾಳುವ ಕೆಲವು ಬೂಷ್ಟುಗಳು ತಮ್ಮ ನೂಲಿನಂತಹ ಎಳೆಗಳನ್ನು ದೂರದೂರಕ್ಕೆ ಚಾಚಿ ಆ ರಂಜಕವನ್ನು ಹೆಕ್ಕಿತಂದು ಗಿಡಕ್ಕೆ ಕೊಡುತ್ತವೆ. ಈ ಬೂಷ್ಟುಗಳೂ ಕಾಡಿನ ಬೀಜಗಳೂ ಇರುವುದು ಮೂಲ ಮಣ್ಣಿನ ಮೇಲುಪದರದಲ್ಲಿ. ಗಣಿಯನ್ನು ತೆರೆಯುವಾಗ ಆ ಪದರವನ್ನು ಬೇರೆಯಾಗಿ ತೆಗೆದಿಟ್ಟು, ಎತ್ತರದ ರಾಶಿಮಾಡದೆ, ಹೆಚ್ಚು ಕಾಲ ಕೊಳೆಯಿಸದೆ ಮತ್ತೆ ಹರಡಿದರೆ ಅರ್ಧ ಕೆಲಸ ಮುಗಿದಂತೆಯೇ. ಅದನ್ನು ಹೊರೆಮಣ್ಣಿನ ಅಡಿಯಲ್ಲಿ ಹೂತುಹಾಕುವುದು ಬಿತ್ತನೆಯ ಬೀಜವನ್ನು ತಿಂದುಹಾಕಿದಂತೆ.

ಆಯ್ಕೆಯ ಕ್ರಮ

ಇದುವರೆಗೆ ಹೇಳಿದುದರಿಂದ ಒಳ್ಳೆಯ ಹೊದಿಕೆ ಸಸ್ಯದ ಲಕ್ಷಣಗಳನ್ನು ಪಟ್ಟಿಮಾಡಬಹುದು. ಅದು ಬೇಗ ಮೊಳೆತು ಮೊದಲ ಮಳೆಗಾಲದಲ್ಲಿಯೇ ನೆಲದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮುಚ್ಚಬೇಕು. ಬಡನೆಲದಲ್ಲಿಯೂ ಬರದಲ್ಲಿಯೂ ಬದುಕಬೇಕು. ಬೇರು ಮಣ್ಣನ್ನು ಹಿಡಿಯಬೇಕು. ಸಾಧ್ಯವಾದರೆ ಸಾರಜನಕವನ್ನು ಕೂಡಿಸಬೇಕು. ಹಿಂದೆ ಬರುವ ಮರಗಳ ಕತ್ತನ್ನು ಹಿಸುಕಬಾರದು. ಬೇಲಿ ದಾಟಿ ಪಕ್ಕದ ಕಾಡಿಗೂ ಹೊಲಕ್ಕೂ ನುಗ್ಗಬಾರದು. ಇಷ್ಟು ಗುಣಗಳೂ ಒಂದೇ ಸಸ್ಯದಲ್ಲಿ ಸಿಕ್ಕುವುದಿಲ್ಲವಾದುದರಿಂದ ಹಲವನ್ನು ಕೂಡಿಸಿ ಬಿತ್ತುವುದೇ ಜಾಣತನ.

ಬಳ್ಳಾರಿಯಂತಹ ಒಣಸೀಮೆಯನ್ನು ಕಣ್ಣಮುಂದಿಟ್ಟುಕೊಂಡು ಒಂದು ಮಾದರಿಯನ್ನು ನೋಡೋಣ. ಮೊದಲ ಮಳೆಗೆ ಹುರುಳಿ ಮತ್ತು ಸೆಣಬು. ಇವು ಕೆಲವೇ ವಾರಗಳಲ್ಲಿ ನೆಲವನ್ನು ಮುಚ್ಚಿ, ಸಾರಜನಕವನ್ನು ಕೂಡಿಸಿ, ಒಣಗಿ, ತಮ್ಮ ತರಗನ್ನೇ ಹಾಸಿಗೆಯಾಗಿ ಬಿಟ್ಟುಹೋಗುತ್ತವೆ. ಇವುಗಳ ನೆರಳಿನಲ್ಲಿ ಮೆಲ್ಲಗೆ ಬಲಿಯುವ ಬಹುವಾರ್ಷಿಕ ಹುಲ್ಲುಗಳು ಎರಡನೆಯ ಸಾಲಿನವು: ಸಮತಟ್ಟಾದ ಕಡೆ ಗಂಟುಗಂಟಿಗೂ ಬೇರುಬಿಡುವ ಗರಿಕೆ, ಒಣ ಇಳುಕಲಿನಲ್ಲಿ ಅಂಜನ ಹುಲ್ಲು, ಮೆಟ್ಟಿಲುಗಳ ಅಂಚಿನಲ್ಲಿ ಲಾವಂಚ. ಹಿರಿಯರು ‘ಗರಿಕೆಯಂತೆ ಹಬ್ಬಲಿ’ ಎಂದು ಮನೆತನವನ್ನು ಹರಸುವುದುಂಟು. ಆ ಮಾತಿನ ಸಾರ್ಥಕತೆಯನ್ನು ರಾಶಿಯ ಮೇಲೆ ನೋಡಬೇಕು. ಹುಲ್ಲಿನ ನಡುವೆ ನಮ್ಮ ಬಯಲಿನಲ್ಲಿಯೇ ಬೆಳೆಯುವ ಕೊಗ್ಗಿಯಂತಹ ದ್ವಿದಳ ಕುರುಚಲು ಇರಲಿ. ಅದರ ಬೇರು ಆಳಕ್ಕೆ ಇಳಿಯುತ್ತದೆ.

ಪೊದೆಗಳಲ್ಲಿ ಬಂದರಿಕೆಯೂ ತಂಗಡಿಯೂ ಮುಖ್ಯ. ಇವೆರಡನ್ನೂ ಆಡುಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬೇಲಿ ಹಾಕಲಾಗದ ಕಡೆ ಇದು ಸಣ್ಣ ಗುಣವಲ್ಲ. ಆದರೆ ಒಂದು ಎಚ್ಚರಿಕೆ ಬೇಕು: ತಂಗಡಿಗೆ ಅವರೆಯಂತಹ ಕಾಯಿಗಳಿದ್ದರೂ ಅದರ ಬೇರಿನಲ್ಲಿ ಸಾರಜನಕವನ್ನು ಹಿಡಿಯುವ ಗಂಟುಗಳಿರುವುದಿಲ್ಲ. ಕುಲವನ್ನು ನೋಡಿ ಗುಣವನ್ನು ಊಹಿಸಬಾರದು. ಬೇರನ್ನು ಕಿತ್ತು ನೋಡಬೇಕು. ಹೊದಿಕೆ ನೆಲೆನಿಂತಮೇಲೆ ಕಮರ, ದಿಂಡಿಗ, ಹೊಂಗೆ, ಬೇವುಗಳಂತಹ ಆ ಸೀಮೆಯ ಮರಗಳಿಗೆ ಎಡೆಕೊಡಬಹುದು.

ನೆಲವು ಹುಳಿಯಾಗಿದ್ದರೆ ಲೆಕ್ಕ ಬೇರೆ. ಗಂಧಕದೊಡನೆ ಕೂಡಿದ ಕಬ್ಬಿಣದ ಖನಿಜವಿರುವ ರಾಶಿ ಗಾಳಿ ನೀರುಗಳ ಸಂಪರ್ಕದಿಂದ ಗಂಧಕಾಮ್ಲವನ್ನು ಸುರಿಸುತ್ತದೆ. ಅಲ್ಲಿ ಮೊದಲು ಸುಣ್ಣ, ಆಮೇಲೆ ಬೀಜ. ಸೀಸ, ಸತು, ತಾಮ್ರಗಳ ರಾಶಿಯಲ್ಲಿ ಲೋಹದ ವಿಷವೇ ಮುಖ್ಯ ಶತ್ರು. ಇಲ್ಲಿ ಬ್ರಾಡ್‌ಷಾ ಅವರ ಪಂಗಡ ಕಂಡುಹಿಡಿದ ಸಂಗತಿ ಸ್ವಾರಸ್ಯವಾದುದು. ವೇಲ್ಸಿನ ಹಳೆಯ ಗಣಿಗಳ ಮೇಲೆ ಅಲ್ಲಲ್ಲಿ ಹುಲ್ಲು ಬೆಳೆದಿತ್ತು. ಅದೇ ಜಾತಿಯ ಹುಲ್ಲನ್ನು ಪಕ್ಕದ ಗೋಮಾಳದಿಂದ ತಂದು ಬಿತ್ತಿದರೆ ಬಹುಮಟ್ಟಿಗೆ ಎಲ್ಲವೂ ಸತ್ತುಹೋಗುತ್ತಿದ್ದುವು. ಸಾವಿರಕ್ಕೆ ಕೆಲವು ಮಾತ್ರ ಬದುಕುತ್ತಿದ್ದುವು. ಹೀಗೆ ತಲೆಮಾರುಗಳ ಕಾಲ ವಿಷದ ಜರಡಿಯಲ್ಲಿ ಸೋಸಿಬಂದ ಹುಲ್ಲಿನ ವಂಶಗಳೇ ರಾಶಿಯ ಮೇಲೆ ನಿಂತಿದ್ದುವು. ಅವುಗಳಿಂದ ಗೊಗಿನನ್, ಪ್ಯಾರಿಸ್, ಮರ್ಲಿನ್ ಎಂಬ ತಳಿಗಳನ್ನು ಬೆಳೆಸಿದರು: ಹುಳಿನೆಲದ ಸೀಸ-ಸತುವಿಗೆ ಮೊದಲನೆಯದು, ತಾಮ್ರಕ್ಕೆ ಎರಡನೆಯದು, ಸುಣ್ಣದ ನೆಲದ ಸೀಸ-ಸತುವಿಗೆ ಮೂರನೆಯದು. ಎರಡನೆಯದರ ಹೆಸರು ಫ್ರಾನ್ಸಿನ ರಾಜಧಾನಿಯದಲ್ಲ. ಆಂಗ್ಲಸೀ ದ್ವೀಪದ ಒಂದು ತಾಮ್ರದ ಬೆಟ್ಟದ್ದು. ಇದರಿಂದ ನಮಗಾಗುವ ಬೋಧೆ ಸ್ಪಷ್ಟ: ಬೀಜವನ್ನು ದೂರದ ಅಂಗಡಿಯಿಂದ ತರಿಸುವ ಮೊದಲು ಅದೇ ರಾಶಿಯ ಮೇಲೆ ತಾನಾಗಿ ಬೆಳೆದಿರುವುದನ್ನು ಬಾಗಿ ನೋಡಬೇಕು.

ಹಸುರೆಲ್ಲ ಒಳಿತಲ್ಲ

ಅಮೆರಿಕದ ಅಪಲಾಚಿಯನ್ ಬೆಟ್ಟಗಳ ಕಲ್ಲಿದ್ದಲ ಗಣಿಗಳ ಕಥೆಯನ್ನೂ ಇಲ್ಲಿ ಹೇಳಬೇಕು. ಗಣಿಯ ನೆಲವನ್ನು ಸರಿಪಡಿಸಲೇಬೇಕೆಂಬ ಕಾಯಿದೆ ಅಲ್ಲಿ ೧೯೭೭ರಲ್ಲಿ ಬಂದಿತು. ಒಡೆಯರು ರಾಶಿಯನ್ನು ಯಂತ್ರಗಳಿಂದ ಚೆನ್ನಾಗಿ ಒತ್ತಿ, ಸಮಮಾಡಿ, ‘ಕೆಂಟುಕಿ ೩೧’ ಎಂಬ ಫೆಸ್ಕ್ಯೂ ಹುಲ್ಲನ್ನೂ, ಪೂರ್ವ ಏಷ್ಯದಿಂದ ಬಂದ ಲೆಸ್ಪಿಡೀಜ ಎಂಬ ದ್ವಿದಳ ಸಸ್ಯವನ್ನೂ ದಟ್ಟವಾಗಿ ಬಿತ್ತಿದರು. ಸವೆತ ನಿಂತಿತು, ತನಿಖೆಗೆ ಬಂದವರ ಕಣ್ಣಿಗೆ ಹಸುರು ಕಂಡಿತು. ಆದರೆ ದಶಕಗಳು ಕಳೆದರೂ ಅಲ್ಲಿ ಕಾಡು ಮರಳಲಿಲ್ಲ. ಗಟ್ಟಿನೆಲದಲ್ಲಿ ಮರದ ಬೇರು ಇಳಿಯಲಿಲ್ಲ. ದಟ್ಟವಾದ ಹುಲ್ಲು ನೀರನ್ನೂ ಬೆಳಕನ್ನೂ ಕಸಿದುಕೊಂಡಿತು. ಹುಲ್ಲಿನಲ್ಲಿ ಅಡಗಿದ ಇಲಿಗಳು ಸಸಿಗಳ ತೊಗಟೆಯನ್ನು ಕಡಿದುವು. ಕೊನೆಗೆ ಅಲ್ಲಿನ ತಜ್ಞರು ಬೇರೊಂದು ಕ್ರಮವನ್ನು ಎತ್ತಿಹಿಡಿದರು: ಮೇಲಿನ ನಾಲ್ಕು ಅಡಿ ಮಣ್ಣನ್ನು ಒತ್ತದೆ ಸಡಿಲವಾಗಿ ಬಿಡುವುದು, ತಗ್ಗಾಗಿ ವಿರಳವಾಗಿ ಬೆಳೆಯುವ ಹೊದಿಕೆಯನ್ನು ಮಾತ್ರ ಬಿತ್ತುವುದು, ಮೊದಲಿಗೇ ಮರಗಳಿಗೆ ಎಡೆಬಿಡುವುದು. ಮೊದಲ ವರ್ಷ ಕಣ್ಣಿಗೆ ಅಂದವಾಗಿ ಕಾಣದ ನೆಲವೇ ಇಪ್ಪತ್ತನೆಯ ವರ್ಷಕ್ಕೆ ಕಾಡಾಗುವುದೆಂಬುದು ಈ ಕ್ರಮದ ತಿರುಳು.

ನಮ್ಮಲ್ಲಿಯೂ ಇಂತಹ ಪಾಠವೊಂದು ದಾರಿಯ ಪಕ್ಕದಲ್ಲಿಯೇ ನಿಂತಿದೆ. ಬಳ್ಳಾರಿ ಜಾಲಿಯೆಂಬ ಹೆಸರು ಅದು ಆ ಸೀಮೆಯದೇ ಗಿಡವೆಂಬ ಭ್ರಾಂತಿಯನ್ನು ಹುಟ್ಟಿಸುತ್ತದೆ. ನಿಜಕ್ಕೂ ಅದು ಅಮೆರಿಕ ಖಂಡದ ಸಸ್ಯ. ೧೯ನೆಯ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂದುದು. ಬರಡುನೆಲದಲ್ಲಿ ಬೇಗ ಬೆಳೆಯುತ್ತದೆ, ಸೌದೆ ಕೊಡುತ್ತದೆ, ಸಾರಜನಕವನ್ನೂ ಕೂಡಿಸುತ್ತದೆ. ಪರೀಕ್ಷೆಯ ಅಂಕಗಳನ್ನು ಕೂಡಿದರೆ ಅದೇ ಮೊದಲನೆಯದಾಗಬಹುದು! ಆದರೆ ದನಗಳು ಅದರ ಸಿಹಿಕಾಯಿಯನ್ನು ತಿಂದು ಬೀಜವನ್ನು ಊರೂರಿಗೂ ಹರಡಿದುವು. ಕೆರೆಯಂಗಳ, ಗೋಮಾಳಗಳನ್ನು ಅದು ಆಕ್ರಮಿಸಿತು. ತನ್ನ ಅಡಿಯಲ್ಲಿ ಹುಲ್ಲು ಬೆಳೆಯಲು ಬಿಡಲಿಲ್ಲ. ಬೇಗ ಬೆಳೆಯುವುದೊಂದೇ ಗುಣವೆಂದು ಎಣಿಸಿದರೆ ಮೊಮ್ಮಕ್ಕಳು ಅದರ ದಂಡವನ್ನು ತೆರಬೇಕಾಗುತ್ತದೆ. ಈ ದೋಷ ಪರದೇಶದ ಗಿಡಗಳದು ಮಾತ್ರವೆಂದು ಭಾವಿಸುವಂತಿಲ್ಲ. ನಮಗೆ ಮಿತ್ರನಾದ ಅಂಜನ ಹುಲ್ಲು ಆಸ್ಟ್ರೇಲಿಯದ ಒಣನಾಡಿಗೆ ಹೋಗಿ ಅಲ್ಲಿ ಕಳೆಯಾಗಿ ಕುಳಿತಿದೆ.

ಸಸ್ಯಗಳ ಮಿತಿ

ಸಸ್ಯವು ಎಲ್ಲವನ್ನೂ ಮಾಡಬಲ್ಲದೆಂದು ನಂಬುವುದೂ ಅಪಾಯಕರ. ೧೯೬೬ರ ಅಕ್ಟೋಬರ್ ೨೧ರ ಬೆಳಗ್ಗೆ ವೇಲ್ಸಿನ ಅಬರ್‌ಫಾನ್ ಎಂಬ ಹಳ್ಳಿಯ ಮೇಲಿನ ಬೆಟ್ಟದಲ್ಲಿ ಸುರಿದಿದ್ದ ಕಲ್ಲಿದ್ದಲ ಗಣಿಯ ಕಸದ ರಾಶಿ ಜಾರಿ ಶಾಲೆಯ ಮೇಲೆ ಬಿದ್ದಿತು. ಸತ್ತವರು ೧೪೪ ಮಂದಿ; ಅವರಲ್ಲಿ ೧೧೬ ಮಂದಿ ಮಕ್ಕಳು. ಆ ರಾಶಿಯನ್ನು ಒರತೆಯ ಮೇಲೆ ಸುರಿದಿದ್ದರು; ಒಳಗೆ ತುಂಬಿದ ನೀರೇ ಜಾರುವಿಕೆಗೆ ಕಾರಣವಾಯಿತು. ಬೇರುಗಳು ಹಿಡಿಯುವುದು ಮೇಲಿನ ಒಂದೆರಡು ಮೀಟರ್ ಪದರವನ್ನು. ಹತ್ತಾರು ಮೀಟರ್ ಆಳದಲ್ಲಿ ಜಾರುವ ರಾಶಿಯನ್ನು ಯಾವ ಹುಲ್ಲೂ ತಡೆಯಲಾರದು. ಜಾಗದ ಆಯ್ಕೆ, ನೀರಿನ ಬಸಿಗಾಲುವೆ, ಇಳುಕಲಿನ ಕೋನ—ಇವು ಎಂಜಿನಿಯರರ ಹೊಣೆ. ಅವರ ತಪ್ಪನ್ನು ಹಸುರಿನಿಂದ ಮುಚ್ಚಬಾರದು.

ವಿದ್ಯಾರ್ಥಿಗಳಿಗೊಂದು ಪ್ರಯೋಗ

ಈ ತತ್ತ್ವಗಳನ್ನು ನೀವೇ ಪರೀಕ್ಷಿಸಬಹುದು. ಒಂದೇ ಅಳತೆಯ ಮೂರು ತಟ್ಟೆಗಳಲ್ಲಿ ಒಂದೇ ಮಣ್ಣನ್ನು ಸಮನಾಗಿ ತುಂಬಿ. ಮೊದಲನೆಯದನ್ನು ಬೋಳಾಗಿ ಬಿಡಿ. ಎರಡನೆಯದರಲ್ಲಿ ರಾಗಿಯನ್ನು ಒತ್ತಾಗಿ ಬಿತ್ತಿ ಮೂರು ವಾರ ಬೆಳೆಸಿ. ಮೂರನೆಯದರ ಮೇಲೆ ಬರಿಯ ಒಣಹುಲ್ಲನ್ನು ಹಾಸಿ. ಪ್ರತಿಯೊಂದು ತಟ್ಟೆಯ ಒಂದು ತುದಿಯ ಕೆಳಗೂ ಇಟ್ಟಿಗೆಯನ್ನಿಟ್ಟು ಒಂದೇ ಕೋನಕ್ಕೆ ಓರೆಮಾಡಿ, ಜರಡಿಮೂತಿಯ ನೀರಿನ ಡಬ್ಬದಿಂದ ಒಂದೇ ಎತ್ತರದಲ್ಲಿ ಒಂದೇ ಪ್ರಮಾಣದ ನೀರನ್ನು ಸುರಿಯಿರಿ. ಕೆಳಗೆ ಹರಿದುಬಂದ ನೀರನ್ನು ಗಾಜಿನ ಪಾತ್ರೆಗಳಲ್ಲಿ ಹಿಡಿದು, ಕೆಸರು ತಳಕ್ಕಿಳಿದ ಮೇಲೆ ಒಣಗಿಸಿ ತೂಗಿರಿ. ಪ್ರಯೋಗವನ್ನು ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಒಣಹುಲ್ಲು ಹಾಸಿದ ತಟ್ಟೆಯ ಫಲ ನಿಮ್ಮನ್ನು ಆಶ್ಚರ್ಯಗೊಳಿಸಬಹುದು. ಬೇರಿಲ್ಲದಿದ್ದರೂ ಅದು ಹನಿಯ ಪೆಟ್ಟನ್ನು ತಡೆಯುತ್ತದಷ್ಟೆ! ಇಳುಕಲನ್ನು ಹೆಚ್ಚಿಸುತ್ತ ಹೋದರೆ ಯಾವ ತಟ್ಟೆ ಮೊದಲು ಸೋಲುತ್ತದೆಂಬುದನ್ನೂ ಗಮನಿಸಿ. ಬೇರಿನ ಬೆಲೆ ಆಗ ತಿಳಿಯುತ್ತದೆ.

ಅದಿರು ಹುಟ್ಟಲು ಕೋಟ್ಯಂತರ ವರ್ಷಗಳು ಬೇಕಾದುವು; ಅದರ ಮೇಲಿನ ಒಂದು ಅಡಿ ಮಣ್ಣು ಕೂಡಲು ಸಾವಿರಾರು ವರ್ಷಗಳು ಬೇಕಾದುವು. ಎರಡನ್ನೂ ತೆಗೆಯಲು ನಮಗೆ ಕೆಲವು ದಿನಗಳು ಸಾಕು. ತೆಗೆದ ಅದಿರನ್ನು ಮತ್ತೆ ಬೆಟ್ಟಕ್ಕೆ ಕೊಡಲಾರೆವು. ಆದರೆ ಮಣ್ಣು ಹುಟ್ಟುವ ಕೆಲಸವನ್ನು ಮತ್ತೆ ಆರಂಭಿಸಿಕೊಡಬಲ್ಲೆವು. ಅದಕ್ಕೆ ಬೇಕಾದುದು ಹಿಡಿಯಷ್ಟು ಸರಿಯಾದ ಬೀಜ, ಹತ್ತು ವರ್ಷದ ತಾಳ್ಮೆ, ಮತ್ತು ಬಿತ್ತಿದವನು ಮರುವರ್ಷವೂ ಹೋಗಿ ನೋಡುವ ಶ್ರದ್ಧೆ. ಬೆಟ್ಟದ ಬುಡದ ಹಳ್ಳದಲ್ಲಿ ತಿಳಿನೀರು ಹರಿದ ದಿನ ಆಯ್ಕೆ ಸರಿಯಾಯಿತೆಂದು ತಿಳಿಯಬಹುದು.